ಹಿಮದ ದಾರಿಗೆ ಹೊರಡುವ ಮುನ್ನ: ಹಿಮಕುಸಿತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಂದಗಿರಿ, ಅಂತರಗಂಗೆ, ದೇವರಾಯನದುರ್ಗ, ಮಧುಗಿರಿ ಎಂದು ವಾರವಾರ ಬೆಟ್ಟ ಹತ್ತುತ್ತಿದ್ದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಮಂದಿ ಈಗ ಚಳಿಗಾಲ ಬಂತೆಂದರೆ ಉತ್ತರಾಖಂಡ, ಹಿಮಾಚಲ, ಕಾಶ್ಮೀರದ ಕಡೆ ಮುಖ ಮಾಡುತ್ತಾರೆ. ಹೊರಡುವ ಮುಂಚೆ ಅವರೂ ಅವರ ಮನೆಯವರೂ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಳಿಜಾರಿನ ಕೋನದ ಪ್ರಶ್ನೆಯನ್ನಂತೂ ಬಿಡಬೇಡಿ.

## ಮೊದಲ ಸಲ ಹೋಗುವವರಿಗೆ

ನಮ್ಮೂರಲ್ಲಿ ಆಲಿಕಲ್ಲು ಮಳೆ ಬಂದಾಗ ನೆಲವೆಲ್ಲ ಬೆಳ್ಳಗಾಗೋದು ನೋಡಿದ್ದೀವಿ. ಹಿಮ ಅಂದ್ರೂ ಅದೇ ತಾನೆ?

ಅಲ್ಲ. ಆಲಿಕಲ್ಲು ಗುಡುಗು ಮೋಡದೊಳಗೆ ನೀರಿನ ಹನಿ ಪದರ ಪದರವಾಗಿ ಹೆಪ್ಪುಗಟ್ಟಿ ಆಗುವ ಮಂಜುಗಡ್ಡೆ. ದ್ರಾಕ್ಷಿ ಚಪ್ಪರ, ಮಾವಿನ ತೋಪು ಹಾಳುಮಾಡಿ ಸ್ವಲ್ಪ ಹೊತ್ತಿಗೆ ಕರಗಿಹೋಗುತ್ತದೆ. ಹಿಮದಲ್ಲಿ ನೀರಾವಿಯೇ ನೇರವಾಗಿ ಹರಳಾಗುತ್ತದೆ. ಆಗಷ್ಟೇ ಬಿದ್ದ ಹಗುರ ಹಿಮದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬರೀ ಗಾಳಿ. ನೆಲಕ್ಕೆ ಬಿದ್ದ ಮೇಲೂ ಅದು ಸುಮ್ಮನಿರುವುದಿಲ್ಲ. ಚಳಿ, ಬಿಸಿಲು, ಗಾಳಿ, ಮೇಲಿನ ಭಾರ ಎಲ್ಲ ಸೇರಿ ಹರಳಿನ ಆಕಾರವನ್ನೇ ಬದಲಿಸುತ್ತವೆ. ಒಂದೊಂದು ಸಲ ಬಿದ್ದ ಹಿಮವೂ ಒಂದೊಂದು ಪದರವಾಗಿ ಉಳಿಯುತ್ತದೆ. ಕೆಳಗೆ ಸಡಿಲ ಪದರ, ಅದರ ಮೇಲೆ ಬಿಗಿಯಾದ ಪದರ ಬಂದಾಗ ಕುಸಿತಕ್ಕೆ ಬೇಕಾದದ್ದೆಲ್ಲ ಸಿದ್ಧವಾದಂತೆ.

ಆಲಿಕಲ್ಲಿನ ನಂಟಿನದೊಂದು ಹಿಮಾಲಯದಲ್ಲೂ ಬೀಳುತ್ತದೆ. ಗ್ರೌಪೆಲ್ ಎನ್ನುವ, ಹೆಚ್ಚೆಂದರೆ ಐದು ಮಿಲಿಮೀಟರ್ ಗಾತ್ರದ, ಒತ್ತಿದರೆ ಪುಡಿಯಾಗುವ ಬಿಳಿ ಉಂಡೆಗಳು. ಇವು ಬಂಡೆಗಳ ಬುಡಕ್ಕೆ ಉರುಳಿ ಗುಡ್ಡೆಯಾಗುತ್ತವೆ. ಅದರ ಮೇಲೆ ಹೊಸ ಹಿಮ ಬಿದ್ದರೆ ಆ ಜಾಗ ಕೆಲವು ದಿನ ನಂಬುವಂಥದ್ದಲ್ಲ.

ಮೇಲಿಂದ ದೊಡ್ಡ ಉಂಡೆ ಉರುಳಿಕೊಂಡು ಬರುತ್ತಾ? ಜೋರಾಗಿ ಕೂಗಿದ್ರೆ ಹಿಮ ಬೀಳುತ್ತೆ ಅಂತಾರಲ್ಲ?

ಸಿನಿಮಾದಲ್ಲಿ ಹಾಗೆ. ಕೂಗಿನಿಂದ ಹಿಮ ಕುಸಿಯುವುದಿಲ್ಲ. ಅದಕ್ಕೆ ಬೇಕಾದಷ್ಟು ಒತ್ತಡ ಮನುಷ್ಯನ ದನಿಯಲ್ಲಿಲ್ಲ. ಜೀವ ತೆಗೆಯುವುದು ಹೆಚ್ಚಾಗಿ ಸ್ಲ್ಯಾಬ್ ಕುಸಿತ. ಒಂದಿಡೀ ಪದರ ಅಗಲಕ್ಕೆ ಬಿರುಕು ಬಿಟ್ಟು, ಚೂರಾಗಿ, ಒಟ್ಟಿಗೆ ಜಾರುತ್ತದೆ. ಒಣ ಹಿಮವಾದರೆ ಕೆಲವೇ ಸೆಕೆಂಡಿನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟುತ್ತದೆ, ಓಡಿ ತಪ್ಪಿಸಿಕೊಳ್ಳುವ ಮಾತಿಲ್ಲ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ ಇನ್ನೊಂದಿದೆ: ಚಾರಣಿಗರು, ಸ್ಕೀಯರ್‌ಗಳು ಸತ್ತ ಅಪಘಾತಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಕುಸಿತವನ್ನು ಶುರು ಮಾಡಿದ್ದು ಅವರದೇ ಅಥವಾ ಅವರ ಜೊತೆಯವರ ಭಾರ. ಅಂದರೆ ಅಲ್ಲಿ ಕಾಲಿಡದೇ ಇರುವುದು ಬಹುಪಾಲು ನಮ್ಮ ಕೈಯಲ್ಲೇ ಇದೆ.

ಡಿಸೆಂಬರ್‌ಗೆ ಕೇದಾರಕಂಠ ಬುಕ್ ಮಾಡಿದ್ದೀನಿ, ಅಮ್ಮ ಬೇಡ ಅಂತಿದ್ದಾರೆ. ಅಲ್ಲಿ ಹಿಮಕುಸಿತ ಆಗುತ್ತಾ?

ಉತ್ತರಾಖಂಡದ ಸಾಂಕ್ರಿ ಹಳ್ಳಿಯಿಂದ ಹೋಗುವ ಮಾಮೂಲಿ ದಾರಿ ಬಹುಪಾಲು ಕಾಡು ಮತ್ತು ನಿಧಾನದ ಏರು. ಹಿಮಾಲಯದ ಚಳಿಗಾಲದ ಚಾರಣಗಳಲ್ಲಿ ಇದು ಹಿಮಕುಸಿತದ ಮಟ್ಟಿಗೆ ಕಡಿಮೆ ಅಪಾಯದ ಸಾಲಿಗೆ ಸೇರುತ್ತದೆ. ಹಾಗೆಂದು ಅಪಾಯವೇ ಇಲ್ಲ ಎಂದಲ್ಲ. 3,810 ಮೀಟರ್ ಎತ್ತರದ ತುದಿಯ ಕೊನೆಯ ಏರು ಅಲ್ಲಲ್ಲಿ ಕಡಿದಾಗಿದೆ. ದೊಡ್ಡ ಹಿಮ ಬಿದ್ದ ಮರುದಿನ ಆ ಭಾಗವನ್ನು ಬಿಟ್ಟು ವಾಪಸ್ ಬರುವ ತಂಡವೇ ಒಳ್ಳೆಯ ತಂಡ. ಅಲ್ಲಿ ನಿಜಕ್ಕೂ ಆಗುವ ಅನಾಹುತ ಬೇರೆ: ರಾತ್ರಿ ಗಟ್ಟಿಯಾದ ಹಿಮದ ಮೇಲೆ ಕಾಲು ಜಾರುವುದು, ಒದ್ದೆ ಕೈಗವಸು, ಒದ್ದೆ ಕಾಲುಚೀಲ, ಎತ್ತರದ ಕಾಯಿಲೆ. ಅಮ್ಮನಿಗೆ ಇದನ್ನೇ ಹೇಳಿ. ಬೂಟಿಗೆ ಕಟ್ಟುವ ಮುಳ್ಳಿನ ಪಟ್ಟಿ ಮೈಕ್ರೋಸ್ಪೈಕ್, ಬೂಟಿನೊಳಗೆ ಹಿಮ ಹೋಗದಂತೆ ಕಾಲಿಗೆ ಸುತ್ತುವ ಗೇಟರ್, ಎರಡು ಜೊತೆ ಕೈಗವಸು ತೋರಿಸಿ. ತುದಿ ಮುಟ್ಟಲೇಬೇಕೆಂಬ ಹಟ ಇಲ್ಲ ಎಂದು ಮಾತು ಕೊಡಿ.

ವಾರಕ್ಕೊಂದ್ಸಲ ಮಧುಗಿರಿ ಹತ್ತಿ ಇಳೀತೀನಿ. ಫಿಟ್‌ನೆಸ್ ಇದೆಯಲ್ಲ, ಇನ್ನೇನು ಬೇಕು?

ಕಾಲಿನ ಬಲ ಖಂಡಿತ ಕೆಲಸಕ್ಕೆ ಬರುತ್ತದೆ. ಆದರೆ ನಮ್ಮ ಏಕಶಿಲಾ ಬೆಟ್ಟಗಳಲ್ಲಿ ನಿನ್ನೆ ಇದ್ದ ಬಂಡೆ ಇವತ್ತೂ ಹಾಗೇ ಇರುತ್ತದೆ. ಹಿಮದ ಇಳಿಜಾರು ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ. ಗಟ್ಟಿಮುಟ್ಟಾದವರು ಬೇಗ ಮೇಲೆ ಹೋಗುತ್ತಾರೆ, ಹಿಂದೆ ತಿರುಗಲು ಮನಸ್ಸು ಮಾಡುವುದಿಲ್ಲ. ತೊಂದರೆ ಬರುವುದೂ ಅಲ್ಲೇ. ಎತ್ತರದ ಲೆಕ್ಕವನ್ನೂ ನೋಡಿ: ನಂದಿ ಬೆಟ್ಟ 1,478 ಮೀಟರ್. ಇಲ್ಲಿ ಎಷ್ಟು ಸಲ ಹತ್ತಿದರೂ 3,500 ಮೀಟರಿನ ತೆಳು ಗಾಳಿಗೆ ಮೈ ಹೊಂದಿಕೊಳ್ಳುವುದಿಲ್ಲ, ಅದು ಅಲ್ಲೇ ಹೋಗಿ ನಿಧಾನವಾಗಿ ಆಗಬೇಕು.

ಹಿಮಕುಸಿತ ಬಿಟ್ರೆ ಇನ್ಯಾವುದಕ್ಕೆ ಹೆದರಬೇಕು?

ಹವಾಮಾನಕ್ಕೆ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಕರ್ನಾಟಕದಿಂದ ಹೋದ ತಂಡದ ಒಂಬತ್ತು ಮಂದಿ ತೀರಿಕೊಂಡರು. ಅಲ್ಲಿ ಹಿಮ ಕುಸಿದಿರಲಿಲ್ಲ. ಹಿಮಗಾಳಿ ಬೀಸಿ, ದಾರಿ ಕಾಣದೆ, ಮೈ ಬಿಸಿ ಇಳಿದು ಹೋದ ಸಾವುಗಳು. ಜೂನ್ ಎಂದರೆ ನಮಗೆ ಬೇಸಿಗೆ ಮುಗಿದು ಮುಂಗಾರು ಶುರುವಾಗುವ ಕಾಲ, 4,000 ಮೀಟರಿನ ಮೇಲೆ ಹಾಗಲ್ಲ. ಗಾಳಿ ತಡೆಯುವ ಹೊರ ಜಾಕೆಟ್, ಒಣ ಬಟ್ಟೆ ಇಟ್ಟ ಪ್ಲಾಸ್ಟಿಕ್ ಚೀಲ, ತುರ್ತಿಗೆ ಒಳಗೆ ನುಸುಳಿ ಕೂರುವ ಬಿವಿ ಚೀಲ, ಇವು ಪೋರ್ಟರ್ ಹೊರುವ ದೊಡ್ಡ ಬ್ಯಾಗಿನಲ್ಲಿ ಇರಬಾರದು, ನಿಮ್ಮ ಬೆನ್ನಿನ ಮೇಲೇ ಇರಬೇಕು.

## ಇಳಿಜಾರು, ಗಾಳಿ, ಬಿಸಿಲು

ಎಷ್ಟು ಇಳಿಜಾರಿದ್ರೆ ಅಪಾಯ? ಕಣ್ಣಲ್ಲಿ ನೋಡಿದ್ರೆ ಗೊತ್ತಾಗುತ್ತಾ?

ಸ್ಲ್ಯಾಬ್ ಕುಸಿತಗಳು ಬಹುಪಾಲು ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅತಿ ಹೆಚ್ಚು 38ರ ಆಸುಪಾಸಿನಲ್ಲಿ. 25ಕ್ಕಿಂತ ಕಡಿಮೆ ಇದ್ದರೆ ಒಣ ಹಿಮ ಜಾರುವುದು ಅಪರೂಪ. 55–60 ದಾಟಿದರೆ ಹಿಮ ಅಲ್ಲಿ ನಿಲ್ಲುವುದೇ ಇಲ್ಲ, ಬೀಳಬೀಳುತ್ತಲೇ ಸಣ್ಣಗೆ ಉದುರುತ್ತಿರುತ್ತದೆ. ಕಷ್ಟವೆಂದರೆ, ನಡೆಯಲು ಚೆನ್ನಾಗಿದೆ ಅನಿಸುವ ಇಳಿಜಾರೂ ಅಪಾಯದ ಇಳಿಜಾರೂ ಹೆಚ್ಚುಕಡಿಮೆ ಒಂದೇ.

ಕಣ್ಣಳತೆ ಮೋಸ ಮಾಡುತ್ತದೆ. ಕೆಳಗಿನಿಂದ ನೋಡಿದರೆ ಕಡಿಮೆ ಅನಿಸುತ್ತದೆ, ಮೇಲಿನಿಂದ ಹೆಚ್ಚು ಅನಿಸುತ್ತದೆ. ಅಳೆಯಲು ಒಂದೇ ಉದ್ದದ ಎರಡು ಟ್ರೆಕ್ಕಿಂಗ್ ಪೋಲ್ ಸಾಕು. ಒಂದನ್ನು ಇಳಿಜಾರಿನಲ್ಲಿ ನೆಟ್ಟಗೆ ನಿಲ್ಲಿಸಿ. ಇನ್ನೊಂದನ್ನು ಅಡ್ಡಲಾಗಿ, ಮಟ್ಟವಾಗಿ ಹಿಡಿದು, ಅದರ ಮೊನೆ ಮೇಲ್ಗಡೆಯ ಹಿಮಕ್ಕೆ ತಾಗುವಂತೆಯೂ ಹಿಡಿಕೆ ನಿಂತ ಪೋಲಿಗೆ ತಾಗುವಂತೆಯೂ ಮೇಲೆ ಕೆಳಗೆ ಸರಿಸಿ. ಹಿಡಿಕೆ ನಿಂತ ಪೋಲಿನ ನಡುಮಧ್ಯಕ್ಕೆ ತಾಗಿದರೆ ಇಳಿಜಾರು ಸುಮಾರು 27 ಡಿಗ್ರಿ. ಮುಕ್ಕಾಲಿಗೆ ತಾಗಿದರೆ 37. ತುದಿಗೇ ತಾಗಿದರೆ 45. ಅರ್ಧದಿಂದ ಮೇಲಕ್ಕೆ ಬಂತು ಅಂದರೆ ಎಚ್ಚರ, ಮುಕ್ಕಾಲಿನ ಹತ್ತಿರ ಬಂದರೆ ನೀವು ಅತ್ಯಂತ ಕೆಟ್ಟ ಜಾಗದಲ್ಲಿದ್ದೀರಿ. ಮೊಬೈಲಿನ ಕೋನಮಾಪಕವೂ ಆಗುತ್ತದೆ, ಆದರೆ ಫೋನನ್ನು ನೇರ ಹಿಮದ ಮೇಲಿಡದೆ, ಇಳಿಜಾರಿನುದ್ದಕ್ಕೂ ಮಲಗಿಸಿದ ಪೋಲಿನ ಮೇಲಿಡಿ. ಸಣ್ಣ ಉಬ್ಬುತಗ್ಗಿನ ತಪ್ಪು ಬರುವುದಿಲ್ಲ.

ಇದನ್ನು ಇಲ್ಲೇ ಕಲಿಯಬಹುದು. ಅಂತರಗಂಗೆಯ ಬಂಡೆ, ಚನ್ನರಾಯನದುರ್ಗದ ಇಳಿಜಾರು, ಮಧುಗಿರಿಯ ಕಂಬಿ ಹಿಡಿದು ಹತ್ತುವ ಜಾಗ, ಎಲ್ಲಿ ನಿಂತರೂ ಮೊದಲು ಬಾಯಲ್ಲಿ ಅಂದಾಜು ಹೇಳಿ, ಆಮೇಲೆ ಅಳೆಯಿರಿ. ಅಂದಾಜಿಗೂ ಅಳತೆಗೂ ಮೂರ್ನಾಲ್ಕು ಡಿಗ್ರಿ ವ್ಯತ್ಯಾಸ ಮಾತ್ರ ಬರುವವರೆಗೆ ಬಿಡಬೇಡಿ. ಹಿಮ ನೋಡದವರೂ ಮನೆ ಹತ್ತಿರವೇ ಪಳಗಿಸಿಕೊಳ್ಳಬಹುದಾದ, ಜೀವ ಉಳಿಸುವ ವಿದ್ಯೆ ಇದು.

ನಾವು ನಡೆಯೋ ದಾರಿ ಸಮತಟ್ಟಾಗೇ ಇದೆ. ಆಗ ಏನೂ ಭಯ ಇಲ್ಲ ಅಲ್ವಾ?

ತಲೆಯ ಮೇಲೇನಿದೆ ಎಂದು ನೋಡಿ. ಕುಸಿದ ಹಿಮ ಕಣಿವೆಯ ತಳಕ್ಕೆ ಬಂದು, ಒಮ್ಮೊಮ್ಮೆ ಎದುರು ಗೋಡೆಯನ್ನೂ ಸ್ವಲ್ಪ ಹತ್ತಿ ನಿಲ್ಲುತ್ತದೆ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ ಏಳು ಪ್ರವಾಸಿಗರು ಸತ್ತರು. ಅವರು ಪರ್ವತಾರೋಹಿಗಳಲ್ಲ, ವಾಹನದಲ್ಲಿ ಬಂದವರು. 2025ರ ಫೆಬ್ರವರಿ 28ರಂದು ಬದರಿನಾಥದ ಬಳಿಯ ಮಾಣಾದಲ್ಲಿ ರಸ್ತೆ ಕೆಲಸಗಾರರು ತಂಗಿದ್ದ ಶಿಬಿರದ ಮೇಲೆ ಹಿಮ ಕುಸಿದು 54 ಮಂದಿ ಸಿಕ್ಕಿಕೊಂಡರು, ಎಂಟು ಮಂದಿ ಉಳಿಯಲಿಲ್ಲ.

ಟೆಂಟ್ ಹಾಕುವ ಜಾಗದಲ್ಲಿ ನಿಂತು ಮೇಲಿನ ಹಿಮದ ಇಳಿಜಾರಿನ ತುದಿಯ ಕಡೆ ಕೋನ ಅಳೆಯಿರಿ. 20 ಡಿಗ್ರಿಗಿಂತ ಹೆಚ್ಚು ಬಂದರೆ ದೊಡ್ಡ ಕುಸಿತ ನಿಮ್ಮವರೆಗೂ ಬರಬಲ್ಲದು. ಕಾಡಿನ ನಡುವೆ ಮೇಲಿನಿಂದ ಕೆಳಗಿನವರೆಗೆ ಮರವಿಲ್ಲದ ಪಟ್ಟಿ, ಮೇಲ್ಗಡೆಯ ಕೊಂಬೆಗಳು ಮುರಿದು ಕೆಳಮುಖವಾಗಿ ಬಾಗಿದ ಮರಗಳು, ಇವು ಹಿಮ ಹಿಂದೆ ಓಡಾಡಿದ ದಾರಿ. ಹಳ್ಳದ ತಳ, ಕೊರಕಲು ಇನ್ನೂ ಕೆಟ್ಟವು: ಸಣ್ಣ ಕುಸಿತವೂ ಅಲ್ಲಿ ಎರಡು ಮೂರು ಮೀಟರ್ ಆಳಕ್ಕೆ ಗುಡ್ಡೆಯಾಗುತ್ತದೆ.

ಎರಡು ದಿನ ಹಿಮ ಬಿದ್ದು ಇವತ್ತು ಬಿಸಿಲು ಬಂತು. ಈಗ ಹೊರಡಬಹುದಲ್ವಾ?

ಫೋಟೋಗೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ, ನಡೆಯಲು ಅದಕ್ಕಿಂತ ಕೆಟ್ಟ ದಿನವೂ ಇಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಪಶ್ಚಿಮದಿಂದ ಬರುವ ಹವಾಮಾನದ ಅಲೆಗಳು ಹಿಮಾಲಯಕ್ಕೆ ಒಂದೆರಡು ದಿನದಲ್ಲೇ ಅರ್ಧ ಮೀಟರ್, ಒಂದು ಮೀಟರ್ ಹಿಮ ಸುರಿಯುತ್ತವೆ. ಹಳೆಯ ಪದರಕ್ಕೆ ಆ ಭಾರ ಹೊಂದಿಕೊಳ್ಳಲು ಸಮಯ ಬೇಕು. 24 ಗಂಟೆಯಲ್ಲಿ 30 ಸೆಂಟಿಮೀಟರ್ ದಾಟಿದರೆ, ಜೊತೆಗೆ ಗಾಳಿಯೂ ಇದ್ದರೆ, ಕಡಿದಾದ ಇಳಿಜಾರಿನಿಂದ ಕನಿಷ್ಠ ಒಂದೆರಡು ದಿನ ದೂರ ಇರಿ. ಕೆಳಗೆ ದುರ್ಬಲ ಪದರ ಇದ್ದಲ್ಲಿ ಎರಡು ದಿನವೂ ಸಾಲದು, ವಾರಗಟ್ಟಲೆ ಕಾಯಬೇಕಾಗುತ್ತದೆ. ರಜೆ ಹಾಕಿ, ರೈಲು ಟಿಕೆಟ್ ಮಾಡಿಸಿ ಬಂದವರಿಗೆ ಕಾಯುವುದು ಕಷ್ಟ, ಗೊತ್ತಿದೆ. ಅದಕ್ಕೇ ಯೋಜನೆಯಲ್ಲಿ ಒಂದೆರಡು ಖಾಲಿ ದಿನ ಮೊದಲೇ ಇಟ್ಟುಕೊಳ್ಳಿ.

ಗಾಳಿಗೂ ಹಿಮಕುಸಿತಕ್ಕೂ ಏನು ಸಂಬಂಧ?

ಆಕಾಶದಿಂದ ಒಂದು ಹರಳೂ ಬೀಳದಿದ್ದರೂ ಗಾಳಿ ಒಂದು ಮಗ್ಗುಲಿನ ಹಿಮವನ್ನು ಎತ್ತಿ ಇನ್ನೊಂದು ಮಗ್ಗುಲಿಗೆ ಸುರಿಯುತ್ತದೆ, ಮಾಮೂಲಿ ಹಿಮ ಬೀಳುವುದಕ್ಕಿಂತ ಹಲವು ಪಟ್ಟು ಬೇಗ. ಗಾಳಿ ಬಡಿಯುವ ಮಗ್ಗುಲು ಬೋಳಾಗಿ, ಗೆರೆಗೆರೆಯಾಗಿ ಕಾಣುತ್ತದೆ. ಮರೆಯ ಮಗ್ಗುಲಲ್ಲಿ ಹಿಮ ನುಣುಪಾಗಿ, ದುಂಡಗೆ, ಮೆತ್ತೆ ಹಾಸಿದಷ್ಟು ಅಂದವಾಗಿ ಕೂತಿರುತ್ತದೆ. ಕಾಲಿಟ್ಟರೆ ಟೊಳ್ಳು ಸದ್ದು. ಅಪಾಯ ಇರುವುದು ಆ ಅಂದದ ಕಡೆ. ಏಣಿನ ತುದಿಯಿಂದ ಆಚೆಗೆ ಚಾಚಿ ನಿಂತ ಹಿಮದ ಚಾವಣಿಯನ್ನು ಕಾರ್ನಿಸ್ ಅನ್ನುತ್ತಾರೆ. ಅದು ಮುರಿಯುವಾಗ ಚಾಚಿದ ಭಾಗ ಮಾತ್ರ ಹೋಗುವುದಿಲ್ಲ, ನೆಲ ಇದೆ ಎಂದು ನಾವು ನಂಬಿ ನಿಂತ ಜಾಗವನ್ನೂ ಸೇರಿಸಿಕೊಂಡು ಹೋಗುತ್ತದೆ. ಸೆಲ್ಫಿಗಾಗಿ ಅಂಚಿಗೆ ಹೋಗಬೇಡಿ.

ಬೆಳಗಿನ ಜಾವ ಎರಡು ಗಂಟೆಗೇ ಯಾಕೆ ಎಬ್ಬಿಸ್ತಾರೆ?

ರಾತ್ರಿ ಹೆಪ್ಪುಗಟ್ಟಿದ ಹಿಮ ಗಟ್ಟಿ, ಬಿಸಿಲಿಗೆ ಕರಗಿದ ನೀರು ಒಳಗಿಳಿದರೆ ಅದೇ ಹಿಮ ಸಡಿಲ. ಮಾರ್ಚ್‌ನಿಂದ ಜೂನ್‌ವರೆಗೆ ಈ ಗಡಿಯಾರದ ಮೇಲೇ ಎಲ್ಲ ನಿಂತಿದೆ. ಮೊದಲು ಬಿಸಿಲು ಬೀಳುವ ಪೂರ್ವದ ಮುಖ ಮೊದಲು ಕೆಡುತ್ತದೆ, ಆಮೇಲೆ ದಕ್ಷಿಣ, ಕೊನೆಗೆ ಪಶ್ಚಿಮ. ಹಿಮದ ಸಣ್ಣ ಉಂಡೆಗಳು ತಾವಾಗೇ ಉರುಳತೊಡಗಿದರೆ, ಬೂಟು ಪಾದ ದಾಟಿ ಹೂಳತೊಡಗಿದರೆ ಹೊತ್ತು ಮೀರಿದೆ. ಹಿಂದಿನ ರಾತ್ರಿ ಮೋಡ ಮುಚ್ಚಿದ್ದರೆ ಹಿಮ ಸರಿಯಾಗಿ ಹೆಪ್ಪುಗಟ್ಟಿರುವುದಿಲ್ಲ, ಆಗ ಬೇಗ ಎದ್ದೂ ಪ್ರಯೋಜನವಿಲ್ಲ. ಹಳ್ಳದ ಮೇಲಿನ ಹಿಮದ ಸೇತುವೆಗಳಿಗೂ ಇದೇ ಲೆಕ್ಕ: ಬೆಳಿಗ್ಗೆ ದಾಟಿದ ಸೇತುವೆಯನ್ನು ಮಧ್ಯಾಹ್ನ ನಂಬಬೇಡಿ.

ಚಳಿ ಜಾಸ್ತಿ ಇದ್ರೆ ಹಿಮ ಗಟ್ಟಿಯಾಗಿ ಕೂತಿರುತ್ತೆ, ಅದು ಒಳ್ಳೇದೇ ಅಲ್ವಾ?

ಯಾವಾಗಲೂ ಅಲ್ಲ. ಲಡಾಖ್, ಸ್ಪಿತಿಯಂಥ ಕಡೆ ಹಿಮ ತೆಳು, ರಾತ್ರಿ ಚಳಿ ಕಡು. ನೆಲದ ಹತ್ತಿರದ ಹಿಮ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮೇಲ್ಮೈ ಮೈನಸ್ 20ಕ್ಕೆ ಇಳಿದಿರುತ್ತದೆ. ಈ ವ್ಯತ್ಯಾಸ 10 ಸೆಂಟಿಮೀಟರಿಗೆ ಒಂದು ಡಿಗ್ರಿಗಿಂತ ಹೆಚ್ಚಾದರೆ ಕೆಳಗಿನ ಆವಿ ಮೇಲೇರುತ್ತಾ ಹರಳುಗಳನ್ನು ದೊಡ್ಡದಾಗಿ, ಮೂಲೆಮೂಲೆಯಾಗಿ ಬೆಳೆಸುತ್ತದೆ. ಅವು ಒಂದಕ್ಕೊಂದು ಅಂಟುವುದಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಬೆರಳಸಂದಿಯಿಂದ ಸುರಿದುಹೋಗುತ್ತವೆ. ಇದಕ್ಕೆ ಡೆಪ್ತ್ ಹೋರ್ ಎನ್ನುತ್ತಾರೆ. ಇದರ ಮೇಲೆ ಹೊಸ ಹಿಮದ ಸ್ಲ್ಯಾಬ್ ಕೂತರೆ, ಇಳಿಜಾರು ಕಣದಲ್ಲಿ ರಾಗಿ ಹರಡಿ ಮೇಲೊಂದು ಚಪ್ಪಡಿ ಕಲ್ಲು ಇಟ್ಟ ಹಾಗೆ. ಬಿಸಿಲು ಬೀಳದ ಉತ್ತರದ ಮುಖಗಳಲ್ಲಿ ಈ ಪದರ ತಿಂಗಳುಗಟ್ಟಲೆ ಉಳಿಯುತ್ತದೆ. ಮೇಲ್ಮೈ ನೋಡಿ ಇದು ಒಳಗಿದೆಯೇ ಇಲ್ಲವೇ ಎಂದು ಹೇಳಲು ಯಾರಿಂದಲೂ ಆಗದು.

ಕುಸಿಯೋ ಮೊದ್ಲು ಏನಾದ್ರೂ ಸೂಚನೆ ಕೊಡುತ್ತಾ?

ಬಹಳ ಸಲ ಕೊಡುತ್ತದೆ. ಅಕ್ಕಪಕ್ಕದ ಅದೇ ಮುಖದ ಇಳಿಜಾರಿನಲ್ಲಿ ಹೊಸದಾಗಿ ಕುಸಿದ ಗುರುತು ಕಂಡರೆ ಅದಕ್ಕಿಂತ ಬಲವಾದ ಸಾಕ್ಷಿ ಬೇಡ. ಕಾಲಿಟ್ಟಾಗ ಹಿಮ ಒಟ್ಟಾಗಿ ಕುಸಿದು ಧಡ್ ಎಂದು ಆಳದ ಸದ್ದು ಬಂದರೆ ಕೆಳಗಿನ ಪದರ ಮುರಿದಿದೆ ಎಂದರ್ಥ. ಪಾದದಿಂದ ಬಿರುಕು ಮುಂದಕ್ಕೆ ಓಡಿದರೂ ಅಷ್ಟೇ. ಇವುಗಳಲ್ಲಿ ಒಂದು ಕಂಡರೂ ಚರ್ಚೆ ಬೇಡ, ಬಂದ ಹೆಜ್ಜೆಯಲ್ಲೇ ವಾಪಸ್. ಮುಂದೆ ಹೋದ ತಂಡದ ಹೆಜ್ಜೆ ಗುರುತು ಮಾತ್ರ ಯಾವ ಭರವಸೆಯೂ ಅಲ್ಲ. ಹತ್ತನೆಯವನ ಕಾಲಿಗೆ ಕುಸಿದ ಉದಾಹರಣೆಗಳಿವೆ.

ನಮ್ದು ಇಪ್ಪತ್ತು ಜನರ ಗುಂಪು. ಕಡಿದಾದ ಒಂದು ಜಾಗ ದಾಟಲೇಬೇಕು ಅಂದ್ರೆ?

ಮೊದಲು ಸುತ್ತು ದಾರಿ ಹುಡುಕಿ. ಇಲ್ಲವೆಂದಾದರೆ ಒಬ್ಬೊಬ್ಬರೇ ದಾಟಿ. ಉಳಿದವರು ಕುಸಿತ ಮುಟ್ಟದ ಜಾಗದಲ್ಲಿ ನಿಂತು ದಾಟುವವರ ಮೇಲೆ ಕಣ್ಣಿಟ್ಟಿರಬೇಕು. ಪೋಲಿನ ಪಟ್ಟಿಯಿಂದ ಕೈ ಬಿಡಿಸಿಕೊಳ್ಳಿ, ಬ್ಯಾಗಿನ ಎದೆ ಬಕಲ್ ಬಿಚ್ಚಿ, ಮೂಗು ಬಾಯಿ ಮುಚ್ಚುವಂತೆ ಕುತ್ತಿಗೆಗೆ ಹಾಕಿದ ಬಟ್ಟೆ (ಬಫ್) ಏರಿಸಿ, ಜಾಕೆಟ್ ಜಿಪ್ ಹಾಕಿ. ನಡುವೆ ನಿಂತು ಉಸಿರು ತೆಗೆದುಕೊಳ್ಳುವುದು, ಫೋಟೋ ತೆಗೆಯುವುದು ಬೇಡ.

## ಸಲಕರಣೆ

ಬೀಕನ್, ಪ್ರೋಬ್, ಸಲಿಕೆ ಮೂರೂ ಬೇಕಾ? ಬಾಡಿಗೆ ಉಳಿಸೋಕೆ ಗುಂಪಿಗೊಂದು ಸೆಟ್ ಸಾಕಲ್ವಾ?

ಸಾಲದು. ಬೀಕನ್ ಎಂಬ ಮೈಗೆ ಕಟ್ಟಿಕೊಳ್ಳುವ ಪುಟ್ಟ ಯಂತ್ರ 457 ಕಿಲೋಹರ್ಟ್ಜ್‌ನಲ್ಲಿ ಸಂಕೇತ ಕಳಿಸುತ್ತದೆ, ಇನ್ನೊಂದು ಬೀಕನ್ ಅದನ್ನು ಹುಡುಕುತ್ತದೆ. ಹೂತವರ ಹತ್ತಿರ ಇಲ್ಲದಿದ್ದರೆ ಹುಡುಕಲು ಏನೂ ಇಲ್ಲ, ಹೊರಗಿರುವವರ ಹತ್ತಿರ ಇಲ್ಲದಿದ್ದರೆ ಹುಡುಕುವವರಿಲ್ಲ. ಪ್ರೋಬ್ ಎನ್ನುವುದು ಮಡಚುವ ಕೋಲು, ಕನಿಷ್ಠ 240 ಸೆಂಟಿಮೀಟರ್ ಉದ್ದದ್ದು; ಅದು ಜಾಗವನ್ನು ಖಚಿತ ಮಾಡುತ್ತದೆ. ಸಲಿಕೆ ಲೋಹದ್ದೇ ಆಗಿರಬೇಕು. ಕುಸಿದು ನಿಂತ ಹಿಮ ಬೆರಳು ಆಡಿಸಲಾಗದಷ್ಟು ಗಟ್ಟಿ, ಪ್ಲಾಸ್ಟಿಕ್ ಸಲಿಕೆ ಅಲ್ಲಿ ಬಾಗುತ್ತದೆ, ಮುರಿಯುತ್ತದೆ. ಒಂದು ಮೀಟರ್ ಆಳದಲ್ಲಿ ಹೂತವರನ್ನು ತೆಗೆಯಲು ಒಂದು ಟನ್‌ಗೂ ಹೆಚ್ಚು ಹಿಮ ತೋಡಬೇಕು. ಬೀಕನ್ನಿಗೆ ಒಳ್ಳೆಯ ಆಲ್ಕಲೈನ್ ಸೆಲ್ ಹಾಕಿ, ರೀಚಾರ್ಜ್ ಆಗುವಂಥದ್ದು ಬೇಡ. ಅದರಲ್ಲಿ ಉಳಿದ ಚಾರ್ಜನ್ನು ಬೀಕನ್ ಸರಿಯಾಗಿ ತೋರಿಸುವುದಿಲ್ಲ. ಕಾಡಿನ ಸುಲಭ ಚಾರಣಕ್ಕೆ ಈ ಮೂರೂ ಬೇಕಾಗುವುದಿಲ್ಲ. ಚಳಿಗಾಲದ ಎತ್ತರದ ಪಾಸ್, ಸ್ಕೀ ಯಾತ್ರೆ ಎಂದಾದರೆ ಪ್ರತಿಯೊಬ್ಬರಿಗೂ ಮೂರೂ ಬೇಕು.

ಇಲ್ಲಿ ಹಿಮಾನೇ ಇಲ್ಲ. ಚಿಕ್ಕಬಳ್ಳಾಪುರದಲ್ಲಿ ಕೂತು ಬೀಕನ್ ಅಭ್ಯಾಸ ಹೇಗೆ ಮಾಡೋದು?

ಹಿಮ ಬೇಕಿಲ್ಲ, ಬಯಲು ಬೇಕು. ನೀರಿಲ್ಲದ ಕೆರೆಯಂಗಳ ಇದಕ್ಕೆ ಹೇಳಿ ಮಾಡಿಸಿದ ಜಾಗ. ವಿದ್ಯುತ್ ತಂತಿ, ಬೋರ್‌ವೆಲ್ ಮೋಟರ್, ಕಬ್ಬಿಣದ ಬೇಲಿಯಿಂದ ದೂರ ಇರಲಿ, ಸಂಕೇತ ಕೆಡುತ್ತದೆ. ಒಬ್ಬರು ಬೀಕನ್ನನ್ನು ಕಳಿಸುವ ಸ್ಥಿತಿಯಲ್ಲಿಟ್ಟು, ಡಬ್ಬಿಯಲ್ಲಿ ಹಾಕಿ, ಗೋಣಿಚೀಲದಲ್ಲಿ ಸುತ್ತಿ, ಒಣಹುಲ್ಲಿನ ಗುಡ್ಡೆಯ ಕೆಳಗೆ ಬಚ್ಚಿಡಲಿ. ಅಂಥವೇ ನಾಲ್ಕೈದು ಸುಳ್ಳು ಗುಡ್ಡೆಗಳನ್ನೂ ಹಾಕಿ. ಹುಡುಕುವವರು 80 ಮೀಟರ್ ದೂರದಿಂದ ಶುರುಮಾಡಲಿ.

ಸಂಕೇತ ಸಿಗುವವರೆಗೆ 40 ಮೀಟರ್ ಅಂತರದ ಪಟ್ಟಿಗಳಲ್ಲಿ ಓಡಿ. ಸಿಕ್ಕ ಮೇಲೆ ಬೀಕನ್ನಿನ ಬಾಣ ತೋರಿಸಿದ ಕಡೆ ಹೋಗಿ, ದೂರ ತೋರಿಸುವ ಅಂಕಿ ಇಳಿಯುತ್ತಾ ಬರಬೇಕು. ದಾರಿ ನೇರವಾಗಿರದೆ ಬಳಸಿಕೊಂಡು ಹೋಗುತ್ತದೆ. ಸಂಕೇತದ ಅಲೆ ಇರುವುದೇ ಹಾಗೆ, ಗಾಬರಿ ಬೇಡ. ಅಂಕಿ 10ಕ್ಕೆ ಬಂದಾಗ ಓಟ ನಿಲ್ಲಿಸಿ ನಡೆಯಿರಿ. 3ಕ್ಕೆ ಬಂದಾಗ ಮಂಡಿಯೂರಿ ಬೀಕನ್ನನ್ನು ನೆಲಕ್ಕೆ ತಾಗಿಸಿ, ತಿರುಗಿಸದೆ, ಮೊದಲು ಉದ್ದಕ್ಕೆ ಆಮೇಲೆ ಅಡ್ಡಕ್ಕೆ ನಿಧಾನವಾಗಿ ಸರಿಸಿ. ಅತಿ ಕಡಿಮೆ ಅಂಕಿ ಬಂದ ಜಾಗದಲ್ಲಿ ನಿಲ್ಲಿ. ಹೊಸಬರು ಎಡವುವುದು ಇಲ್ಲೇ. ಕೈ ಅವಸರ ಮಾಡುತ್ತದೆ, ಬೀಕನ್ ಲೆಕ್ಕ ಹಾಕುವಷ್ಟರಲ್ಲಿ ಮುಂದೆ ಹೋಗಿಬಿಟ್ಟಿರುತ್ತಾರೆ. ಆ ಜಾಗದಿಂದ ಸುತ್ತುಸುತ್ತಾಗಿ 25 ಸೆಂಟಿಮೀಟರಿಗೊಂದು ಸಲ ಪ್ರೋಬ್ ಚುಚ್ಚಿ. ಗೋಣಿಚೀಲಕ್ಕೆ ತಾಗಿದಾಗ ಬರುವ ಮೆತ್ತನೆಯ ತಡೆಯನ್ನೂ ನೆಲಕ್ಕೆ ತಾಗಿದಾಗ ಬರುವ ಗಟ್ಟಿ ತಡೆಯನ್ನೂ ಕೈ ಬೇರೆ ಬೇರೆಯಾಗಿ ಗುರುತಿಸುವಂತಾಗಬೇಕು. ಸಂಕೇತ ಸಿಕ್ಕಿದ್ದರಿಂದ ಪ್ರೋಬ್ ತಾಗುವವರೆಗೆ ನಾಲ್ಕು ನಿಮಿಷದೊಳಗೆ ಮುಗಿಸುವುದು ಗುರಿ.

ಮೊಬೈಲ್ ಲೊಕೇಶನ್ ಇದೆಯಲ್ಲ, ಅದು ಸಾಲ್ದಾ?

ಇಲ್ಲ. ಹಿಮದಡಿಯಿಂದ ಅದು ಯಾರಿಗೂ ಜಾಗ ತಿಳಿಸುವುದಿಲ್ಲ, ಬಹಳ ಕಡೆ ನೆಟ್‌ವರ್ಕೇ ಇರುವುದಿಲ್ಲ. ಫೋನ್ ಬೀಕನ್ನಿಗೆ ಅಡ್ಡಿಯನ್ನೂ ಮಾಡುತ್ತದೆ: ನಡೆಯುವಾಗ 20, ಹುಡುಕುವಾಗ 50 ಸೆಂಟಿಮೀಟರ್ ದೂರ ಇಡಿ, ಆರಿಸಿದ್ದರೆ ಇನ್ನೂ ಒಳ್ಳೆಯದು. ವಿದೇಶದಲ್ಲಿರುವ ನೆಂಟರು ಸ್ಯಾಟಲೈಟ್ ಫೋನ್ ಅಥವಾ ಮೆಸೆಂಜರ್ ತಂದುಕೊಟ್ಟರೂ ಒಯ್ಯಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅವನ್ನು ಭಾರತದಲ್ಲಿ ಬಳಸುವುದು ಅಪರಾಧ.

## ಸಿಕ್ಕಿಕೊಂಡರೆ

ನಾನೇ ಸಿಕ್ಕಿಕೊಂಡ್ರೆ ಏನ್ಮಾಡ್ಬೇಕು?

ಕೂಗಿ ಜೊತೆಯವರಿಗೆ ತಿಳಿಸಿ. ಪಕ್ಕಕ್ಕೆ ಹೊರಬೀಳಲು ನೋಡಿ, ಪೋಲ್ ಬಿಸಾಡಿ, ಬಂಡೆಯೋ ಮರವೋ ಸಿಕ್ಕರೆ ಹಿಡಿಯಿರಿ. ಹರಿವು ಎಳೆದುಕೊಂಡರೆ ಮೇಲೆ ಉಳಿಯಲು ಕೈಕಾಲು ಬಡಿಯಿರಿ. ವೇಗ ಇಳಿಯುತ್ತಿದೆ ಅನಿಸಿದ ಕೂಡಲೇ ಒಂದು ಕೈ ಮುಖದ ಮುಂದೆ ಮಡಚಿ ಉಸಿರಿಗೆ ಜಾಗ ಮಾಡಿಕೊಳ್ಳಿ, ಸಾಧ್ಯವಾದರೆ ಇನ್ನೊಂದು ಕೈ ಮೇಲಕ್ಕೆ ಚಾಚಿ. ಹಿಮ ನಿಂತ ಮೇಲೆ ಇದ್ಯಾವುದೂ ಆಗುವುದಿಲ್ಲ.

ಜೊತೆಯವ್ರು ಹೂತುಹೋದ್ರೆ ಗೈಡ್ ಹೋಗಿ ರೆಸ್ಕ್ಯೂ ಟೀಮ್ ಕರ್ಕೊಂಡು ಬರೋವರೆಗೂ ಕಾಯಬೇಕಾ?

ಕಾದರೆ ಅವರು ಉಳಿಯುವುದಿಲ್ಲ. ಮೊದಲ 10–15 ನಿಮಿಷದಲ್ಲಿ ಹೊರತೆಗೆದ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು. ರೆಸ್ಕ್ಯೂ ತಂಡ ಬರಲು ಗಂಟೆಗಳು ಬೇಕು. ಅಲ್ಲಿರುವ ನೀವೇ ರೆಸ್ಕ್ಯೂ.

ಮೇಲಿನಿಂದ ಇನ್ನೊಂದು ಕುಸಿತ ಬರುವಂತಿದೆಯೇ ಎಂದು ಒಂದು ಕ್ಷಣ ನೋಡಿ. ತಲೆ ಎಣಿಸಿ. ಕೊನೆಯದಾಗಿ ಕಂಡ ಜಾಗವನ್ನು ಗುರುತಿಟ್ಟುಕೊಳ್ಳಿ. ಹೂತವರು ಅಲ್ಲಿಂದ ಇಳಿಜಾರಿನ ಕೆಳಗಡೆಗೇ ಇರುತ್ತಾರೆ. ಹೊರಗಿರುವ ಎಲ್ಲರೂ ಬೀಕನ್ನನ್ನು ಹುಡುಕುವ ಸ್ಥಿತಿಗೆ ತಿರುಗಿಸಲೇಬೇಕು, ಒಬ್ಬರು ಮರೆತರೂ ಎಲ್ಲರೂ ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಬೀಕನ್ ಇಲ್ಲದಿದ್ದರೆ ಕೈಗವಸು, ಟೋಪಿ, ಪೋಲ್ ಕಂಡ ಕಡೆ, ಹರಿವು ತಿರುಗಿದ ತಾವಿನಲ್ಲಿ, ಬಂಡೆ-ಮರಗಳ ಮೇಲ್ಗಡೆ, ಗುಡ್ಡೆಯ ಕೊನೆಯಲ್ಲಿ ಪೋಲ್ ಚುಚ್ಚಿ ನೋಡಿ.

ಪ್ರೋಬ್ ತಾಗಿದರೆ ಅದನ್ನು ಕೀಳಬೇಡಿ, ಅದೇ ದಾರಿ. ಅದರ ಪಕ್ಕ ನಿಂತು ನೇರ ಕೆಳಗೆ ತೋಡುವುದು ತಪ್ಪು; ಹೂತವರ ಉಸಿರಿನ ಜಾಗದ ಮೇಲೇ ನಿಂತಂತಾಗುತ್ತದೆ, ತೋಡಿದ ಹಿಮ ಮತ್ತೆ ಗುಂಡಿಗೇ ಬೀಳುತ್ತದೆ. ಆಳದ ಒಂದೂವರೆ ಪಟ್ಟು ಇಳಿಜಾರಿನ ಕೆಳಗೆ ಹೋಗಿ ಅಲ್ಲಿಂದ ಅವರ ಕಡೆಗೆ ಅಡ್ಡಲಾಗಿ ತೋಡಿ. ಒಬ್ಬರು ಮುಂದೆ ಕತ್ತರಿಸಲಿ, ಹಿಂದಿನವರು ಹಿಮವನ್ನು ಹಿಂದಕ್ಕೆ ತಳ್ಳಲಿ, ಮುಂದಿನವರು ನಿಮಿಷಕ್ಕೊಮ್ಮೆ ಬದಲಾಗಲಿ. ಒಬ್ಬರು ಮಾತ್ರ 112ಕ್ಕೆ ಕರೆ ಮಾಡಲು ಪ್ರಯತ್ನಿಸಲಿ.

ಹೊರಗೆ ತೆಗೆದ್ಮೇಲೆ?

ಮೊದಲು ಮುಖ, ಆಮೇಲೆ ಎದೆ ಬಿಡಿಸಿ. ಇಡೀ ಮೈ ಹೊರಬರುವವರೆಗೆ ಕಾಯಬೇಡಿ. ಬಾಯಿ ಮೂಗಿನ ಹಿಮ ತೆಗೆಯಿರಿ. ಉಸಿರಿಲ್ಲದಿದ್ದರೆ ಮೊದಲು ಐದು ಸಲ ಬಾಯಿಂದ ಉಸಿರು ಕೊಡಿ, ಆಮೇಲೆ 30 ಸಲ ಎದೆ ಒತ್ತುವುದು, 2 ಉಸಿರು. ಇಲ್ಲಿ ಹೃದಯ ನಿಂತದ್ದು ಗಾಳಿ ಇಲ್ಲದೆ, ಹಾಗಾಗಿ ಎದೆ ಒತ್ತುವುದಷ್ಟೇ ಸಾಲದು. ಸತ್ತವರಲ್ಲಿ ಸುಮಾರು ಕಾಲುಭಾಗ ಪೆಟ್ಟಿನಿಂದ ಸತ್ತಿರುತ್ತಾರೆ, ಆದ್ದರಿಂದ ಕುತ್ತಿಗೆ, ಬೆನ್ನು ಜೋಪಾನ. ಮಲಗಿಸಿಯೇ ಸಾಗಿಸಿ, ಒಣ ಬಟ್ಟೆ ಹೊದಿಸಿ. ಕೈಕಾಲು ಉಜ್ಜುವುದು, ರಮ್ ಕುಡಿಸುವುದು ಬೇಡವೇ ಬೇಡ.

ಸಿಯಾಚಿನ್‌ನಲ್ಲಿ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದೊಳಗೆ ಬದುಕಿದ್ರಲ್ಲ. ಹಾಗಾದ್ರೆ 15 ನಿಮಿಷ ಅನ್ನೋದು ಯಾಕೆ?

ಧಾರವಾಡ ಜಿಲ್ಲೆಯ ಬೆಟದೂರಿನ ಆ ಯೋಧ 2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದ ಠಾಣೆಯಲ್ಲಿ ಇನ್ನೂ ಒಂಬತ್ತು ಮಂದಿಯ ಜೊತೆ ಹೂತುಹೋದರು. ಆರು ದಿನದ ಮೇಲೆ ಜೀವಂತ ಸಿಕ್ಕರು, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅವರಿದ್ದ ಆಶ್ರಯದೊಳಗೆ ಗಾಳಿಗೆ ಜಾಗ ಉಳಿದಿತ್ತು. ಮಾಣಾದಲ್ಲೂ ಕಂಟೇನರ್‌ಗಳ ಒಳಗಿದ್ದ ಹಲವರು ಗಂಟೆಗಟ್ಟಲೆ ಉಳಿದದ್ದು ಹೀಗೇ. ಬಯಲಿನಲ್ಲಿ ನಡೆಯುವವರ ಮುಖಕ್ಕೆ ಹಿಮ ನೇರ ಅಂಟಿಕೊಳ್ಳುತ್ತದೆ. ಬಿಟ್ಟ ಉಸಿರಿನ ಬಿಸಿಗೆ ಅದು ಕರಗಿ ಮತ್ತೆ ಹೆಪ್ಪುಗಟ್ಟಿ ಗಾಳಿ ಆಡದ ಪೊರೆಯಾಗುತ್ತದೆ. ಹನುಮಂತಪ್ಪನವರ ಗಟ್ಟಿತನಕ್ಕೆ ತಲೆಬಾಗೋಣ, ಆದರೆ ನಮ್ಮ ಲೆಕ್ಕ 15 ನಿಮಿಷದ್ದೇ. ಜೊತೆಗೆ, ಗಾಳಿಯ ಜಾಗ ಉಳಿದಿರಬಹುದಾದ್ದರಿಂದ ಹೊತ್ತು ಮೀರಿತೆಂದು ಹುಡುಕಾಟ ನಿಲ್ಲಿಸುವುದೂ ತಪ್ಪು.

## ಇನ್ನೂ ಮುಂದಕ್ಕೆ ಹೋಗುವವರಿಗೆ

ಮುನ್ಸೂಚನೆ ಎಲ್ಲಿ ಸಿಗುತ್ತೆ? ಲೆವೆಲ್ 3 ಅಂದ್ರೆ ಮಧ್ಯಮ ತಾನೆ?

ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓ ಕೆಳಗಿನ ಡಿಜಿಆರ್‌ಇ ಸಂಸ್ಥೆ ಚಂಡೀಗಢದಿಂದ ಚಳಿಗಾಲದಲ್ಲಿ ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ. ಹಳಬರು ಇದನ್ನು ಸಾಸೆ ಎಂಬ ಹಿಂದಿನ ಹೆಸರಿನಿಂದ ಬಲ್ಲರು. ಎಚ್ಚರಿಕೆ ಇಡೀ ಪ್ರದೇಶಕ್ಕೆ ಕೊಟ್ಟದ್ದು, ನಿಮ್ಮ ಇಳಿಜಾರಿಗಲ್ಲ. ಐದು ಮಟ್ಟದ ಅಳತೆಯಲ್ಲಿ 3 ನಡುವೆ ಇದೆ ಎಂದು ಸಮಾಧಾನ ಪಡಬೇಡಿ. ಒಂದೊಂದು ಮಟ್ಟ ಏರಿದಾಗ ಅಪಾಯ ಒಂದಷ್ಟೇ ಹೆಚ್ಚುವುದಿಲ್ಲ, ಪಟ್ಟು ಪಟ್ಟಾಗಿ ಏರುತ್ತದೆ. 4, 5 ಇದ್ದಾಗ ಜನ ಮನೆಯಲ್ಲಿರುತ್ತಾರೆ. ಸಾವುಗಳು ಅತಿ ಹೆಚ್ಚು ಆಗುವುದು 3ರಲ್ಲೇ. 3 ಎಂದಿದ್ದ ದಿನ 30 ಡಿಗ್ರಿ ದಾಟಿದ ಇಳಿಜಾರು ಬಿಟ್ಟುಬಿಡಿ.

ಹಿಮದಲ್ಲಿ ಗುಂಡಿ ತೋಡಿ ಪರೀಕ್ಷೆ ಮಾಡ್ತಾರಲ್ಲ, ಅದನ್ನ ಹೇಗೆ ಮಾಡೋದು?

ನೀವು ಹೋಗಬೇಕಿರುವ ಇಳಿಜಾರಿನದೇ ದಿಕ್ಕು, ಅದೇ ಎತ್ತರ, ಆದರೆ ಸುರಕ್ಷಿತವಾದ ಸಣ್ಣ ಜಾಗ ಆರಿಸಿ. ಗೋಡೆ ನೆಟ್ಟಗಿರುವಂತೆ ತೋಡಿ, ಬೆರಳಿನಿಂದ ಮೇಲಿನಿಂದ ಕೆಳಗೆ ಒತ್ತುತ್ತಾ ಬನ್ನಿ. ಗಟ್ಟಿಯಿಂದ ಒಮ್ಮೆಲೇ ಸಡಿಲಕ್ಕೆ ಇಳಿಯುವ ಗೆರೆಯ ಮೇಲೆ ಅನುಮಾನ ಇರಲಿ. ಆಮೇಲೆ 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಒಳಕ್ಕೆ ಇರುವಂತೆ ಹಿಮದ ಕಂಬವನ್ನು ಎರಡು ಪಕ್ಕ ಮತ್ತು ಹಿಂದೆ ಹಗ್ಗದಿಂದಲೋ ಗರಗಸದಿಂದಲೋ ಬಿಡಿಸಿ. ಒಂದು ತುದಿಯ ಮೇಲೆ ಸಲಿಕೆಯ ಅಲಗು ಇಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಸಲ ತಟ್ಟಿ. ಬಿರುಕು ತಾನು ಹುಟ್ಟಿದ ತಟ್ಟಿಗೇ ಅಥವಾ ಅದರ ಮುಂದಿನದಕ್ಕೆ ಆ ತುದಿಯಿಂದ ಈ ತುದಿವರೆಗೆ ಓಡಿದರೆ ಆ ಇಳಿಜಾರು ಬೇಡ. ಓಡದಿದ್ದರೆ ಒಳ್ಳೆಯದು ಎಂದು ತೀರ್ಮಾನಿಸುವ ಹಾಗಿಲ್ಲ, ಹತ್ತು ಮೀಟರ್ ಆಚೆ ಪದರ ಬೇರೆ ಇರಬಹುದು. ಈ ಪರೀಕ್ಷೆಯನ್ನು ಬೇಡ ಎನ್ನಲು ಬಳಸಿ, ಹೋಗೋಣ ಎನ್ನಲು ಬಳಸಬೇಡಿ.

ಟ್ರೆಕ್ ನಡೆಸೋರನ್ನ ದುಡ್ಡು ಕಟ್ಟೋ ಮೊದ್ಲು ಏನು ಕೇಳ್ಬೇಕು?

ದಾರಿಯಲ್ಲಿ 30 ಡಿಗ್ರಿ ದಾಟುವ ಜಾಗ ಎಲ್ಲೆಲ್ಲಿದೆ, ಅದರ ಬದಲಿ ದಾರಿ ಯಾವುದು, ವಾಪಸ್ ತಿರುಗುವ ತೀರ್ಮಾನ ಯಾರದ್ದು, ಖಾಲಿ ದಿನ ಇದೆಯೇ, ಒಬ್ಬ ಲೀಡರ್‌ಗೆ ಎಷ್ಟು ಮಂದಿ. ತುದಿ ಮುಟ್ಟಿಸುವುದು ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ಅವರ ಜೊತೆ ಹೋಗಬೇಡಿ. ವಿಮೆ ಪತ್ರವನ್ನೂ ಓದಿ: ಎಷ್ಟೋ ಪಾಲಿಸಿಗಳು ಸಾಹಸ ಚಟುವಟಿಕೆಯನ್ನು ಹೊರಗಿಡುತ್ತವೆ, ಕೆಲವು ಇಂತಿಷ್ಟು ಎತ್ತರದ ಮೇಲೆ ಹಣ ಕೊಡುವುದಿಲ್ಲ.

ಸರಿಯಾಗಿ ಕಲೀಬೇಕು ಅಂದ್ರೆ ಎಲ್ಲಿಗೆ ಹೋಗೋದು?

ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನೇರಿಂಗ್ ಇನ್‌ಸ್ಟಿಟ್ಯೂಟ್, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಸಂಸ್ಥೆ, ಪಹಲ್ಗಾಮ್‌ನ ಜವಾಹರ್ ಸಂಸ್ಥೆ, ಎಲ್ಲ ಸರ್ಕಾರಿ ಆಶ್ರಯದವು. ಮೊದಲ ಹಂತದ ಬೇಸಿಕ್ ಕೋರ್ಸ್ ಸುಮಾರು ನಾಲ್ಕು ವಾರ. ಹಗ್ಗ, ಬೂಟಿನಡಿಗೆ ಕಟ್ಟುವ ಲೋಹದ ಮುಳ್ಳು (ಕ್ರ್ಯಾಂಪನ್), ಹಿಮಕ್ಕೆ ಚುಚ್ಚುವ ಕೊಡಲಿ (ಐಸ್ ಆಕ್ಸ್), ಜಾರಿದಾಗ ನಿಲ್ಲಿಸಿಕೊಳ್ಳುವುದು ಎಲ್ಲ ಕೈಯಾರೆ ಮಾಡಿಸುತ್ತಾರೆ. ಜಾಗ ತಿಂಗಳುಗಳ ಮೊದಲೇ ತುಂಬುತ್ತದೆ, ವೈದ್ಯಕೀಯ ಪ್ರಮಾಣಪತ್ರ ಬೇಕು. ಕಲಿತವರ ಮೇಲೂ ಹಿಮ ಬೀಳುತ್ತದೆ: 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾ-2ರಲ್ಲಿ ಉತ್ತರಕಾಶಿ ಸಂಸ್ಥೆಯ ತರಬೇತಿ ತಂಡದ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಕೋರ್ಸ್ ಮುಗಿಸಿ ಬಂದ ಮೇಲೂ ಪ್ರತಿ ಇಳಿಜಾರನ್ನೂ ಪೋಲಿನಿಂದ ಅಳೆದೇ ಕಾಲಿಡಿ; ಬೀಕನ್ ಅಭ್ಯಾಸವನ್ನು ಪ್ರತಿ ವರ್ಷ ಹೊರಡುವ ತಿಂಗಳು ಮುಂಚೆ ಕೆರೆಯಂಗಳದಲ್ಲಿ ಮತ್ತೆ ಮಾಡಿ.